ಎರಡು ಸಾವಿರ ಹೂಂ

ಕಥೆ ಹೇಳುವವರು ಎಂಥ ನಾಲಗೆಯವರಾದರೂ ಆಗಲಿ, ಎದುರಿಗೆ ಕೂತು ಹೂಂಗುಟ್ಟುವವರು ಒಬ್ಬರಿಲ್ಲದಿದ್ದರೆ ಆ ಕಥೆ ಹೊಸ್ತಿಲು ದಾಟುವುದಿಲ್ಲ. ಇದು ಪುಟ್ಟಲಿಂಗಮ್ಮನಿಗೆ ತನ್ನ ಅಪ್ಪನಿಂದ ಬಂದ ಕಟ್ಟಳೆ. ಒಂದು ಮಾತು ಹೇಳಬೇಕು, ನಿಲ್ಲಬೇಕು. ಕೇಳುವವರು ಹೂಂ ಅನ್ನಬೇಕು. ಆಮೇಲೆ ಇನ್ನೊಂದು ಮಾತು. ಹೂಂ ಬರಲಿಲ್ಲವೋ, ರಾಜಕುಮಾರ ಕುದುರೆಯ ಮೇಲೆ ಒಂದು ಕಾಲು ಹಾಕಿಕೊಂಡು, ಇನ್ನೊಂದು ಕಾಲನ್ನು ನೆಲದ ಮೇಲಿಟ್ಟುಕೊಂಡು, ಕೇಳುವವರಿಗೆ ಎಚ್ಚರವಾಗುವ ತನಕ ಹಾಗೇ ನಿಂತಿರಬೇಕು. ಇದರ ಜೊತೆಗೆ ಇನ್ನೆರಡು ಕಟ್ಟಳೆಗಳಿದ್ದವು. ದೀಪ ಹಚ್ಚುವುದಕ್ಕೆ ಮುಂಚೆ ಕಥೆ ಹೇಳಬಾರದು, ಹೇಳಿದರೆ ದಾರಿಯಲ್ಲಿರುವ ಸೋದರಮಾವ ದಾರಿ ತಪ್ಪುತ್ತಾನೆ. ಕಥೆಯನ್ನು ಅರ್ಧಕ್ಕೆ ಬಿಟ್ಟು ಕಣ್ಣು ಮುಚ್ಚಬಾರದು, ಮುಚ್ಚಿದರೆ ಕಥೆಯೊಳಗಿನ ಜನ ಇಲ್ಲಿಗೂ ಸಲ್ಲದೆ ಅಲ್ಲಿಗೂ ಸಲ್ಲದೆ ಬಾಗಿಲಲ್ಲಿ ನಿಂತಿರುತ್ತಾರೆ.

ಪುಟ್ಟಲಿಂಗಮ್ಮನಿಗೆ ಎಂಬತ್ತಾರು ತುಂಬಿತ್ತು. ಮೈಸೂರಿನ ಅಶೋಕಪುರಂನ ಅಡ್ಡರಸ್ತೆಯೊಂದರ ಮನೆಯಲ್ಲಿ ಅವಳ ದೊಡ್ಡ ಕಥೆಯೊಂದು ಅರ್ಧಕ್ಕೆ ನಿಂತಿತ್ತು. ಒಂದೂರಿನಲ್ಲಿ ಒಲೆಗಳೆಲ್ಲ ಒಂದೇ ದಿನ ಆರಿಹೋಗುತ್ತವೆ. ಅತ್ತೆ ಸೊಸೆಯ ಕೈಗೆ ಒಂದು ಒಡಕು ಮಡಕೆ ಕೊಟ್ಟು, ಪಕ್ಕದೂರಿಗೆ ಹೋಗಿ ಕೆಂಡ ತಗೊಂಡು ಬಾ ಎಂದು ಕಳಿಸುತ್ತಾಳೆ. ಅಲ್ಲಿಯೂ ಕೆಂಡವಿಲ್ಲ. ಸೊಸೆ ಅದರಾಚೆಯ ಊರಿಗೆ ಹೋಗುತ್ತಾಳೆ, ಅಲ್ಲಿಂದ ಇನ್ನೂ ಆಚೆಗೆ. ಹೀಗೆ ಹೋಗುತ್ತಿರುವ ಸೊಸೆಯನ್ನು ಮನೆಗೆ ಸೇರಿಸಿ ಮಾದಪ್ಪನ ಪಾದ ಸೇರಬೇಕೆಂಬುದು ಪುಟ್ಟಲಿಂಗಮ್ಮನ ಕೊನೆಯ ಆಸೆ. ಅದಕ್ಕೆ ಬೇಕಾದ್ದು ಒಂದು ಹೂಂ. ಮರಿಮಕ್ಕಳ ಕಿವಿಯಲ್ಲಿ ಯಾವಾಗಲೂ ಬಿಳೀ ಮೊಳೆಗಳಂಥವು ಸಿಕ್ಕಿಕೊಂಡಿರುತ್ತಿದ್ದವು. ಅವರು ಹೂಂ ಅಂದರೂ ಅದು ಮೊಳೆಯೊಳಗಿನವರಿಗೆ ಅಂದದ್ದು, ಅಜ್ಜಿಗಲ್ಲ.

ಮಗ ಶಿವರಾಮು ಮೇಟಗಳ್ಳಿಯ ಕಾರ್ಖಾನೆಯೊಂದರ ನಕ್ಷೆ ವಿಭಾಗದಲ್ಲಿ ಮೂವತ್ತೆಂಟು ವರ್ಷ ದುಡಿದು ನಿವೃತ್ತನಾಗಿದ್ದ. ಇಪ್ಪತ್ತು ವರ್ಷದ ಹಿಂದೆ ಕಾರ್ಖಾನೆಯವರು ಸಂಜೆ ಹೊತ್ತು ಕಂಪ್ಯೂಟರ್ ಪಾಠ ಮಾಡಿಸಿದಾಗ ಕೈಯಾರೆ ಒಂದು ವೆಬ್‌ಸೈಟು ಮಾಡಿದ್ದ. ಹಳದಿ ಹಿನ್ನೆಲೆ, ಕುಂಕುಮದ ಬಣ್ಣದ ಅಕ್ಷರ, ಮೇಲ್ಗಡೆ ಗಿರಗಿರನೆ ತಿರುಗುವ ಒಂದು ದೀಪ. ಅವನಿಗೆ ಬರುತ್ತಿದ್ದದ್ದು ಅಷ್ಟೆ, ಆದ್ದರಿಂದ ಬದಲಾಯಿಸಿರಲಿಲ್ಲ. ಮನೆಯ ದೇವರ ಗೂಡಿನಲ್ಲಿ ಅವ್ವನ ಮಾದಪ್ಪನೂ ಮಗನ ಬುದ್ಧನೂ ಒಂದೇ ದೀಪದ ಬೆಳಕಿನಲ್ಲಿ ಜಗಳವಿಲ್ಲದೆ ಇದ್ದರು. ಅದರ ಕೆಳಗೆ ಹಳೆಯ ಕಂಪ್ಯೂಟರೊಂದು ಹಗಲೂ ಇರುಳೂ ಗೊರಕೆ ಹೊಡೆಯುತ್ತಿತ್ತು. ವೆಬ್‌ಸೈಟು ವಾಸವಾಗಿದ್ದದ್ದು ಅದರಲ್ಲಿಯೇ. ಅಶೋಕಪುರಂನಲ್ಲಿ ಕರೆಂಟು ಹೋದರೆ ಲೋಕಕ್ಕೆಲ್ಲ ಅದು ಕಾಣುತ್ತಿರಲಿಲ್ಲ.

ಅವ್ವನ ಕಥೆಯನ್ನು ಟೈಪು ಮಾಡಿ ಅಲ್ಲಿಗೆ ಹಾಕುತ್ತೇನೆಂದು ಮೂರು ವರ್ಷದ ಹಿಂದೆ ಶಿವರಾಮು ಹೇಳಿದಾಗ, ಹೂಂ ಅನ್ನುವವರು ಯಾರು ಎಂದು ಅವಳು ಕೇಳಿದ್ದಳು. ನಾನೇ ಅಂತೀನಿ ಅಂದ.

"ಕೈ ಬರೀತಾ ಇದ್ರೆ ಕಿವಿ ಎಲ್ಲಿರ್ತದೆ?" ಅಂದಳು ಪುಟ್ಟಲಿಂಗಮ್ಮ. "ಬರಿಯೋನ ಹೂಂ ಹೂಂ ಅಲ್ಲ ಕಣೋ ಮಗ."

ಆಗ ಶಿವರಾಮು ಒಂದು ಉಪಾಯ ಮಾಡಿದ. ದಿನಕ್ಕೊಂದು ಕಂತು ಹಾಕುವುದು. ಕಂತಿನ ಕೆಳಗೆ 'ಹೂಂ' ಎಂಬ ಒಂದು ಗುಂಡಿ. ಓದಿದವರು ಒತ್ತಬೇಕು. ಒಬ್ಬರಾದರೂ ಒತ್ತಿದರೆ ಮಾರನೆಯ ದಿನ ಕಥೆ ಮುಂದಕ್ಕೆ, ಇಲ್ಲದಿದ್ದರೆ ಇಲ್ಲ. ಸಂಜೆ ದೀಪ ಹಚ್ಚಿ, ಎರಡು ಎಳೆ ವಿಭೂತಿ ಇಟ್ಟುಕೊಂಡು, ಪುಟ್ಟಲಿಂಗಮ್ಮ ಮೊದಲು ಕೇಳುತ್ತಿದ್ದ ಮಾತು ಒಂದೇ: ಹೂಂ ಬಂತಾ? ನಾಲ್ಕು ಬಂತವ್ವ, ಐದು ಬಂತವ್ವ ಅನ್ನುತ್ತಿದ್ದ. ನಾಲ್ಕು ಅಂದರೆ ಅವಳಿಗೆ ಜಗಲಿ ತುಂಬಿದ ಹಾಗೆ. ಮಳೆಗಾಲದಲ್ಲಿ ಒಂದು ವಾರ ಒಂದೂ ಬಂದಿರಲಿಲ್ಲ. ಸೊಸೆ ಆ ವಾರವೆಲ್ಲ ಏಳನೇ ಊರಿನ ಅಗಸರ ಮನೆ ಮುಂದೆ ನೆನೆಯುತ್ತ ನಿಂತಿದ್ದಳು.

ಅದೇ ಮೈಸೂರಿನ ಇನ್ನೊಂದು ಮೂಲೆಯಲ್ಲಿ 'ಸಣ್ಣಜಾಲ ಬಳಗ' ಎಂಬುದೊಂದು ಹುಟ್ಟಿಕೊಂಡಿತ್ತು. ದೊಡ್ಡ ಕಂಪನಿಗಳು ಲೋಕದ ಮಾತನ್ನೆಲ್ಲ ತಮ್ಮ ದೊಡ್ಡಿಯಲ್ಲಿ ಕೂಡಿಹಾಕಿಕೊಂಡಿವೆ, ಆದ್ದರಿಂದ ಪ್ರತಿಯೊಬ್ಬರೂ ಅಂತರ್ಜಾಲದಲ್ಲಿ ತಮ್ಮದೇ ಒಂದು ಗುಡಿಸಲು ಕಟ್ಟಿಕೊಳ್ಳಬೇಕು ಎಂಬುದು ಅವರ ಮಂತ್ರ. ಮಂತ್ರದಲ್ಲಿ ತಪ್ಪಿಲ್ಲ, ತಪ್ಪೆಂದರೆ ದೇವರು ಮೆಚ್ಚನು. ಹದಿನೈದು ದಿನಕ್ಕೊಮ್ಮೆ ಭಾನುವಾರ ಅವರು ಕಾಫಿ ಅಂಗಡಿಯಲ್ಲಿ ಸೇರುತ್ತಿದ್ದರು. ಯಾವ ಅಂಗಡಿಯಲ್ಲಿ ಎಂಬುದನ್ನು ವಾಟ್ಸಾಪಿನಲ್ಲಿ ತೀರ್ಮಾನಿಸುತ್ತಿದ್ದರು. ಬಳಗದಲ್ಲಿ ನಲವತ್ತು ಜನ, ನಲವತ್ತು ವೆಬ್‌ಸೈಟು. ಯಾರದನ್ನೇ ತೆರೆದರೂ ಮೊದಲ ಬರಹ 'ನಾನೇಕೆ ಸ್ವಂತ ವೆಬ್‌ಸೈಟು ಕಟ್ಟಿದೆ', ಎರಡನೆಯದು 'ಹೇಗೆ ಕಟ್ಟಿದೆ', ಮೂರನೆಯದು 'ಕಟ್ಟಿದ್ದನ್ನು ಕೆಡವಿ ಮತ್ತೆ ಹೇಗೆ ಕಟ್ಟಿದೆ'. ನಾಲ್ಕನೆಯ ಬರಹ ಯಾರಲ್ಲೂ ಇರಲಿಲ್ಲ. ಗುಡಿ ಕಟ್ಟಿದ್ದರು, ಗೋಪುರಕ್ಕೆ ಸುಣ್ಣ ಬಳಿದಿದ್ದರು, ಗಂಟೆಯನ್ನೂ ಕಟ್ಟಿದ್ದರು. ಒಳಗೆ ದೇವರನ್ನು ತಂದು ಕೂರಿಸುವ ಮಾತು ಮಾತ್ರ ಇನ್ನೂ ಚರ್ಚೆಯಲ್ಲಿತ್ತು. ಒಬ್ಬರ ವೆಬ್‌ಸೈಟಿನಿಂದ ಇನ್ನೊಬ್ಬರದಕ್ಕೆ, ಅಲ್ಲಿಂದ ಮತ್ತೊಬ್ಬರದಕ್ಕೆ ದಾರಿ ಮಾಡಿ, ಕೊನೆಗೆ ಹೊರಟಲ್ಲಿಗೇ ಬಂದು ಸೇರುವ ಹಾಗೆ ಒಂದು 'ಬಳೆ'ಯನ್ನೂ ಮಾಡಿಕೊಂಡಿದ್ದರು. ಎತ್ತು ಗಾಣ ಸುತ್ತಿದ ಹಾಗೆ ಸುತ್ತುತ್ತಿದ್ದರು. ಗಾಣಕ್ಕೆ ಎಳ್ಳು ಹಾಕಿದವರು ಯಾರೂ ಇರಲಿಲ್ಲ.

ಈ ಬಳಗದ ಯಜಮಾನ ಸ್ವರೂಪ್. ಅವನು ಒಂದು ದಿನ ಹೇಗೋ ಶಿವರಾಮುವಿನ ಹಳದಿ ವೆಬ್‌ಸೈಟನ್ನು ಕಂಡ. ಕಂಡವನೇ, ಗಗನ ಎಂಬ ಜೊತೆಗಾತಿಯನ್ನು ಕರೆದುಕೊಂಡು ಅಶೋಕಪುರಂಗೆ ಬಂದ. ಇಬ್ಬರೂ ಚಪ್ಪಲಿ ಬಿಟ್ಟು ಒಳಗೆ ಬಂದು, ದೇವರ ಗೂಡಿನ ಕೆಳಗಿನ ಕಂಪ್ಯೂಟರನ್ನು ಕಂಡು ಕೈಮುಗಿಯುವುದೊಂದು ಬಾಕಿ. ಮೇಲಿದ್ದ ದೇವರುಗಳು ಅವರ ಕಣ್ಣಿಗೆ ಬೀಳಲಿಲ್ಲ. ಈ ಹಳದಿಯ ಹಿಂದಿನ ತತ್ವವೇನು ಎಂದು ಗಗನ ಕೇಳಿದಳು. ಪಾಠ ಮಾಡಿದವರು ಅದೊಂದೇ ಬಣ್ಣ ಹೇಳಿಕೊಟ್ಟಿದ್ದರು ಎಂದು ಶಿವರಾಮು ಇದ್ದದ್ದನ್ನು ಹೇಳಿದ. ಗಗನ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಪುಟ್ಟಲಿಂಗಮ್ಮ ಒಳಗಿನಿಂದ ಎರಡು ಲೋಟ ಕಾಫಿ ತಂದಿಟ್ಟಳು. ಕಾಫಿಯೂ ಬೇಡ, ನೀರೂ ಬೇಡ, ಹದಿನಾರು ಗಂಟೆ ಏನೂ ಮುಟ್ಟದಿರುವ ವ್ರತದಲ್ಲಿದ್ದೇವೆ ಎಂದು ಇಬ್ಬರೂ ಹೇಳಿದರು. ಈ ಮನೆಯಲ್ಲಿ ನೀರು ಕುಡಿಯದೆ ಎದ್ದುಹೋಗುವುದಕ್ಕೆ ಜನ ಕೊಡುವ ಕಾರಣಗಳನ್ನು ಪುಟ್ಟಲಿಂಗಮ್ಮ ಎಪ್ಪತ್ತು ವರ್ಷದಿಂದ ಕೇಳಿದ್ದಳು. ಇದು ಹೊಸದು. ಅವಳು ಲೋಟಗಳನ್ನು ಹಿಂದಕ್ಕೆ ತೆಗೆದುಕೊಂಡು, ಒಂದನ್ನು ತಾನೇ ಕುಡಿಯುತ್ತ ಕೂತಳು.

"ಕತೆ ಓದ್ತಾ ಇದ್ದೀರಾ ಮಗ?" ಎಂದು ಕೇಳಿದಳು. "ಸೊಸೆ ಈಗ ಎಲ್ಲವ್ಳೆ?"

"ಬುಕ್‌ಮಾರ್ಕ್ ಮಾಡಿ ಇಟ್ಟಿದೀನಿ ಅಜ್ಜಿ," ಅಂದ ಸ್ವರೂಪ್.

ಬುಕ್‌ಮಾರ್ಕ್ ಎಂಬುದು ಯಾವ ಊರೋ ಇರಬೇಕೆಂದು ಪುಟ್ಟಲಿಂಗಮ್ಮ ಅಂದುಕೊಂಡಳು.

ಹೊರಡುವ ಮುಂಚೆ ಸ್ವರೂಪ್ ಬಂದ ಕೆಲಸ ಹೇಳಿದ. ಬಳಗದವರು ಬರುವ ತಿಂಗಳು ಸಮ್ಮೇಳನ ಮಾಡುತ್ತಿದ್ದಾರೆ. ಅಜ್ಜಿಗೂ ಶಿವರಾಮು ಸರ್‌ಗೂ ಮೈಸೂರು ಪೇಟ ತೊಡಿಸಿ ಸನ್ಮಾನ. ಅಜ್ಜಿ ವೇದಿಕೆಯ ಮೇಲೆ ಹತ್ತು ನಿಮಿಷ ಕಥೆ ಹೇಳಬೇಕು. ಬೆಳಿಗ್ಗೆ ಹನ್ನೊಂದಕ್ಕೆ. ಹಗಲು ಹೊತ್ತು ಆಗುವುದಿಲ್ಲ ಎಂದಳು ಪುಟ್ಟಲಿಂಗಮ್ಮ. "ನನ್ನ ಸೋದರಮಾವಂದಿರು ಸತ್ತು ಯಾವ ಕಾಲ ಆಯ್ತು. ನಿಂದು ಯಾವನಾದ್ರೂ ದಾರೀಲಿದ್ರೆ?" ಹಾಗಿದ್ದರೆ ಸಂಜೆ ಆರಕ್ಕೆ ಇಟ್ಟುಕೊಳ್ಳೋಣ, ವೇದಿಕೆಯಲ್ಲಿ ಬ್ಯಾಟರಿ ದೀಪವನ್ನೂ ಇಡಿಸುತ್ತೇನೆ ಎಂದು ಸ್ವರೂಪ್ ಒಪ್ಪಿಕೊಂಡ.

ಶಿವರಾಮುವಿಗೆ ಆ ದಿನ ಊಟ ಸೇರಲಿಲ್ಲ, ಸಂತೋಷಕ್ಕೆ. ಮೂವತ್ತೆಂಟು ವರ್ಷ ಅವನು ಬರೆದ ನಕ್ಷೆಗಳ ಕೆಳಗೆ ಬೇರೆಯವರ ಸಹಿ ಇರುತ್ತಿತ್ತು. ನಿವೃತ್ತಿಯ ದಿನ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದ್ದರು, ಅದೂ ಎರಡು ನಿಮಿಷ ಹಿಂದೆ. ಈಗ ಪೇಟ. ಕನ್ನಡಿಯ ಮುಂದೆ ಟವೆಲು ಸುತ್ತಿಕೊಂಡು ಒಂದು ಸಲ ನೋಡಿಕೊಂಡ ಎಂದರೆ ಅವನ ಮರ್ಯಾದೆ ಹೋಗುತ್ತದೆ, ಆದ್ದರಿಂದ ಆ ಮಾತು ಬಿಡೋಣ.

ಶಿವರಾಮುವಿನ ವೆಬ್‌ಸೈಟು ಬಳೆಗೆ ಸೇರಿತು. ಮೈಸೂರಿನ ಬಳೆ ಬೆಂಗಳೂರಿನ ಬಳೆಗೆ, ಅದು ಪುಣೆಯದಕ್ಕೆ, ಅದು ಬರ್ಲಿನ್ನಿನದಕ್ಕೆ ತಗುಲಿಕೊಂಡಿತ್ತು. ಒಂದು ವಾರದಲ್ಲಿ ಹೂಂ ನೂರಾಯಿತು, ಎರಡು ವಾರದಲ್ಲಿ ಸಾವಿರ, ಮೂರನೆಯ ವಾರ ಎರಡು ಸಾವಿರ ದಾಟಿತು. ಕನ್ನಡದ ಕ ಬಾರದವರೂ ಹೂಂ ಅಂದರು. ಎರಡು ಸಾವಿರದ ನೂರಾ ನಲವತ್ತು ಎಂದು ಶಿವರಾಮು ಓದಿ ಹೇಳಿದಾಗ ಪುಟ್ಟಲಿಂಗಮ್ಮ ತಲೆಯ ಮೇಲೆ ಸೆರಗು ಹೊದ್ದುಕೊಂಡಳು. ಅಷ್ಟು ಜನರ ಎದುರು ಬರಿದಲೆಯಲ್ಲಿ ಹೇಗೆ ಕೂರುವುದು? ಅಂದಿನ ಕಂತಿನಲ್ಲಿ ಸೊಸೆ ಒಂದು ಹೊಳೆ ದಾಟಿದಳು. ಹೊಳೆಯ ಒಂದೊಂದು ಸುಳಿಯನ್ನೂ ಪುಟ್ಟಲಿಂಗಮ್ಮ ಬಣ್ಣಿಸಿ ಹೇಳಿದಳು. ಶಿವರಾಮುವಿನ ಬೆರಳು ನೋಯಿತು.

ಮೂರು ದಿನ ಹೀಗೆ ಹೋಯಿತು. ನಾಲ್ಕನೆಯ ಸಂಜೆ ಅವಳು ಬೇರೆಯೇ ಒಂದು ಮಾತು ಕೇಳಿದಳು. ಹೂಂ ಎಷ್ಟು ಹೊತ್ತಿಗೆ ಬರುತ್ತವೆ ಎಂದು. ಹಾಕಿದ ತಕ್ಷಣ ಬರುತ್ತವೆ ಎಂದ ಶಿವರಾಮು ಹೆಮ್ಮೆಯಿಂದ.

"ತಕ್ಷಣ ಅಂದ್ರೆ? ಬೀಡಾ ಮಡಿಚೋ ಅಷ್ಟು ಹೊತ್ತಾ?"

"ಅಷ್ಟೂ ಇಲ್ಲ ಕಣವ್ವ. ಕಣ್ಣು ಮಿಟುಕಿಸೋದ್ರೊಳಗೆ ಎರಡು ಸಾವಿರ."

ಪುಟ್ಟಲಿಂಗಮ್ಮ ದೀಪದ ಬತ್ತಿಯನ್ನು ಮುಂದಕ್ಕೆ ದೂಡಿದಳು. ಆಮೇಲೆ ತನ್ನ ಅಪ್ಪನ ಕಾಲದ ಸಂಗತಿಯೊಂದನ್ನು ಹೇಳಿದಳು. ಅಪ್ಪ ಕಥೆ ಹೇಳುವಾಗ ಊರ ಪಟೇಲನ ಭಾಮೈದ ಮುಂದೆಯೇ ಬಂದು ಕೂತು, ಎಲ್ಲರಿಗಿಂತ ಜೋರಾಗಿ ಹೂಂಗುಟ್ಟುತ್ತಿದ್ದ. ಆದರೆ ಅವನ ಹೂಂ ಮಾತು ಮುಗಿಯುವುದಕ್ಕೆ ಮುಂಚೆಯೇ ಬೀಳುತ್ತಿತ್ತು. ಅಪ್ಪ ಒಂದು ದಿನ ಕಥೆಯ ನಡುವೆ, ಅದೇ ರಾಗದಲ್ಲಿ, "ಆಮೇಲೆ ಇಲ್ಲಿ ಕೂತೋನ ಮೀಸೇಗೆ ಎಮ್ಮೆ ಸಗಣಿ ಹಾಕ್ತು" ಅಂದ. ಭಾಮೈದ ಕಣ್ಣು ಮುಚ್ಚಿಕೊಂಡೇ ಹೂಂ ಅಂದ. ನಿದ್ದೆಯ ಹೂಂ ಯಾವುದು, ಎಚ್ಚರದ ಹೂಂ ಯಾವುದು ಎಂದು ಕಥೆ ಹೇಳುವವರು ಪರೀಕ್ಷೆ ಮಾಡುವ ಕ್ರಮ ಅದು.

"ಬರ್ಕೋ," ಅಂದಳು. ಶಿವರಾಮು ಬರೆದುಕೊಂಡ. ಆ ಕಂತು ಹೀಗಿತ್ತು: ಸೊಸೆ ಒಲೆಯೊಳಗೆ ಕೂತು ತನ್ನನ್ನೇ ಹದವಾಗಿ ಬೇಯಿಸಿ ಅತ್ತೆಗೆ ಬಡಿಸಿದಳು. ಅತ್ತೆ ಉಪ್ಪು ಕಮ್ಮಿ ಅಂದಳು. ಸೊಸೆಯೂ ಪಕ್ಕದಲ್ಲಿ ಕೂತು ತನ್ನನ್ನು ತಾನೇ ಉಂಡಳು. ಆ ಹೊತ್ತಿಗೆ ಕಥೆ ಕೇಳುತ್ತಿದ್ದವರೆಲ್ಲ ಕತ್ತೆಗಳಾಗಿ ಅಗಸರ ಹಿಂದೆ ಹೊರಟುಹೋದರು.

ಬರೆದು ಮುಗಿಸಿದ ಮೇಲೆ ಶಿವರಾಮು ಗೋಡೆಯ ಕ್ಯಾಲೆಂಡರು ನೋಡಿದ. ಸಮ್ಮೇಳನಕ್ಕೆ ಐದು ದಿನವಿತ್ತು. ಓದಿದವರು ಏನೆಂದುಕೊಂಡಾರು? ಮುದುಕಿಗೆ ಅರಳುಮರಳು ಅಂದರೆ? ಪೇಟ? ಆ ಕಂತನ್ನು ಹಾಕದೆ, ಹಾಕಿದೆ ಎಂದು ಸುಳ್ಳು ಹೇಳಿಬಿಡೋಣವೇ ಎಂಬ ಯೋಚನೆಯೂ ಬಂತು. ಗೂಡಿನೊಳಗಿಂದ ಮಾದಪ್ಪನೂ ಬುದ್ಧನೂ ನೋಡುತ್ತಿದ್ದರು. ಒಬ್ಬ ದೇವರಿಗಾದರೆ ಹೇಗೋ ಸಮಜಾಯಿಷಿ ಹೇಳಬಹುದು, ಇಬ್ಬರಿಗೆ ಕಷ್ಟ. ಮಾರನೆಯ ದಿನ ಸ್ನಾನ ಮಾಡಿ ಬಂದು, ಕಣ್ಣು ಮುಚ್ಚಿಕೊಂಡು ಕಂತನ್ನು ಹಾಕಿಬಿಟ್ಟ.

ಕಣ್ಣು ತೆರೆಯುವಷ್ಟರಲ್ಲಿ ಎರಡು ಸಾವಿರದ ಮುನ್ನೂರಾ ಹನ್ನೆರಡು ಹೂಂ.

ಹಿಂದೆಯೇ ಸ್ವರೂಪನ ಸಂದೇಶ ಬಂತು: ಅದ್ಭುತವಾದ ಸಂಚಿಕೆ, ಜನಪದದ ಬೇರು ಅಲುಗಾಡದೆ ಉಳಿದಿದೆ. ಶಿವರಾಮು ಫೋನು ಮಾಡಿ, ಕಂತನ್ನು ಓದಿದಿರಾ ಎಂದು ಕೇಳಿದ. ಓದದೆ ಇರ್ತೀವಾ ಸರ್ ಎಂದು ಸ್ವರೂಪ್ ನಕ್ಕ. ನಕ್ಕು, ಬಳಗದಲ್ಲಿ ವಿಶ್ರುತ್ ಎಂಬ ಎಂಜಿನಿಯರು ಒಂದು ಪ್ರೋಗ್ರಾಮು ಬರೆದಿರುವುದನ್ನೂ, ಕಂತು ಬಿದ್ದ ಕೂಡಲೇ ಅದು ಬಳೆಯಲ್ಲಿರುವ ಎಲ್ಲರ ಪರವಾಗಿ ಹೂಂ ಒತ್ತುವುದನ್ನೂ ವಿವರಿಸಿದ. "ಯಾರಿಗೂ ಮರೆತುಹೋಗಬಾರದಲ್ಲ ಸರ್. ಸಮುದಾಯ ಅಂದ್ರೆ ಬೆಂಬಲ." ದೇವಸ್ಥಾನಕ್ಕೆ ಹೋಗದೆ, ಹೆಸರು ನಕ್ಷತ್ರ ಬರೆಸಿ ಅರ್ಚನೆ ಮಾಡಿಸುವವರು ಇದ್ದಾರೆ. ಅವರೂ ಪ್ರಸಾದ ಬಂತೇ ಎಂದಾದರೂ ಒಂದು ಮಾತು ಕೇಳುತ್ತಾರೆ.

ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಈಮೇಲು ಬಂತು. ಅದನ್ನು ಬರೆದವಳು ಪ್ರೇಮಲೀಲಾ. ಉದಯಗಿರಿಯ ಜೆರಾಕ್ಸ್ ಅಂಗಡಿಯಲ್ಲಿ ಜನರ ಅರ್ಜಿ ಟೈಪು ಮಾಡಿಕೊಡುವ ಕೆಲಸ. ಅಂಗಡಿಯ ಕಂಪ್ಯೂಟರು ಮುದಿ, ಬೇರೆ ಯಾವುದನ್ನು ತೆರೆದರೂ ಕಕ್ಕಾಬಿಕ್ಕಿಯಾಗಿ ನಿಂತುಬಿಡುತ್ತದೆ, ಈ ಹಳದಿ ಪುಟ ಮಾತ್ರ ತಟ್ಟನೆ ಬರುತ್ತದೆ, ಹಾಗಾಗಿ ಮೂರು ವರ್ಷದಿಂದ ಡಬ್ಬಿಯ ಊಟ ಬಿಚ್ಚಿಕೊಂಡು ಇದನ್ನೇ ಓದುತ್ತಿದ್ದೇನೆ ಎಂದು ಬರೆದಿದ್ದಳು. ಶಿವರಾಮು ಅವ್ವನ ಪಕ್ಕ ಕೂತು ಓದಿ ಹೇಳಿದ: "ಅವ್ವಾರೇ, ಇವತ್ತು ಹೂಂ ಅನ್ನಲ್ಲ. ಸೊಸೆ ಹೊಳೆ ದಾಟಿ ಮರಳಲ್ಲಿ ಸೀರೆ ಒಣಗಿಸ್ತಾ ಇದ್ಲು. ಇನ್ನೂ ಕೆಂಡಾನೇ ಸಿಕ್ಕಿಲ್ಲ, ಒಲೆ ಎಲ್ಲಿಂದ ಉರೀತು? ಇದು ಕತೆ ಅಲ್ಲ. ನಿಮಗೆ ಮೈ ಹುಷಾರಿಲ್ವ?"

ಪುಟ್ಟಲಿಂಗಮ್ಮ ಅದನ್ನು ಮೂರು ಸಲ ಓದಿಸಿದಳು. ಮೂರನೆಯ ಸಲ ಕಣ್ಣು ಒರೆಸಿಕೊಂಡಳು. ಈ ಹೆಣ್ಣುಮಗಳನ್ನು ಮನೆಗೆ ಕರಿ, ಉಳಿದ ಕಥೆಯನ್ನು ಇವಳ ಮುಂದೆಯೇ ಮುಗಿಸುತ್ತೇನೆ ಎಂದಳು. ಶಿವರಾಮು ಹಾಗೆಯೇ ಬರೆದ. ಉತ್ತರ ಬಂತು: ಅಂಗಡಿಗೆ ರಜೆ ಭಾನುವಾರ, ಸಂಜೆ ಆರಕ್ಕೆ ಬರಬಹುದೇ?

ಭಾನುವಾರ ಸಂಜೆ ಆರು ಎಂದರೆ ಸಮ್ಮೇಳನ. ಶಿವರಾಮು ಅವ್ವನ ಮುಂದೆ ನಿಂತು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಆಯಮ್ಮನಿಗೆ ಮುಂದಿನ ವಾರ ಬಾ ಅನ್ನಬಹುದಲ್ಲವೇ ಎಂದು ಕೇಳಿದ.

"ನಂಗೆ ಎಂಬತ್ತಾರು," ಅಂದಳು ಪುಟ್ಟಲಿಂಗಮ್ಮ. "ಮುಂದಿನ ವಾರ ಅನ್ನೋದು ನಿನ್ನ ಮಿಷನ್ನಲ್ಲಿ ಅದೆಯಾ? ನೀ ಬೇಕಾರೆ ಹೋಗು ಮಗ. ಪೇಟ ಹಾಕಿಸ್ಕೊಂಡು ಬಾ. ಚಂದಾಗಿ ಕಾಣ್ತೀಯ, ಟವೆಲಲ್ಲೇ ಕಾಣ್ತಿದ್ದೆ."

ಭಾನುವಾರ ಐದೂವರೆಗೆ ಬಳಗದವರು ಕಳಿಸಿದ ಕಾರು ಬಂದು ನಿಂತಿತು. ಶಿವರಾಮು ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡಿದ್ದ. ಹೊರಗೆ ಬಂದು ಕಾರಿನ ಬಾಗಿಲಿನ ಮೇಲೆ ಕೈಯಿಟ್ಟ. ಅಷ್ಟು ಹೊತ್ತಿಗೆ ಬೀದಿಯ ತುದಿಯಲ್ಲಿ ಸಿಟಿ ಬಸ್ಸಿಳಿದು, ಒಂದು ಚೀಲ ಹಿಡಿದುಕೊಂಡು, ಮನೆ ನಂಬರು ನೋಡುತ್ತ ನೋಡುತ್ತ ಒಬ್ಬ ಹೆಂಗಸು ಬರುತ್ತಿದ್ದಳು. ಶಿವರಾಮು ಬಾಗಿಲಿನಿಂದ ಕೈ ತೆಗೆದ. ಅವ್ವನಿಗೆ ಬರಲಾಗುವುದಿಲ್ಲ, ನನಗೂ ಇಲ್ಲ ಎಂದು ಡ್ರೈವರಿಗೆ ಹೇಳಿ ಕಾರನ್ನು ವಾಪಸು ಕಳಿಸಿದ. ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಿದ್ದ ಎಂಬುದನ್ನೂ ಹೇಳದಿದ್ದರೆ ಸುಳ್ಳು ಹೇಳಿದಂತಾಗುತ್ತದೆ.

ಸಮ್ಮೇಳನ ನಿಲ್ಲಲಿಲ್ಲ. ವೇದಿಕೆಯ ಮೇಲೆ ಲ್ಯಾಪ್‌ಟಾಪಿನಲ್ಲಿ ಹಳದಿ ಪುಟವನ್ನು ತೆರೆದಿಟ್ಟು, ಶಾಲು ಹೊದಿಸಿ, ಪೇಟವನ್ನು ಅದಕ್ಕೇ ತೊಡಿಸಿದರು. ದೊಡ್ಡ ಕಂಪನಿಗಳ ದೊಡ್ಡಿಯಿಂದ ಬಿಡಿಸಿಕೊಂಡು ಬಂದವರೆಲ್ಲ ಆ ಫೋಟೋವನ್ನು ಅದೇ ದೊಡ್ಡಿಯೊಳಗೆ ಹಾಕಿ, ಎಷ್ಟು ಜನ ಮೆಚ್ಚಿದರೆಂದು ಎಣಿಸುತ್ತ ಕೂತರು. ಆ ಬೆಳಿಗ್ಗೆಯೇ ಶಿವರಾಮು ತನ್ನ ಪುಟದಿಂದ ಹೂಂ ಗುಂಡಿಯನ್ನು ಕಿತ್ತುಹಾಕಿದ್ದ. ವಿಶ್ರುತನ ಪ್ರೋಗ್ರಾಮು ಗುಂಡಿಯಿಲ್ಲದ ಜಾಗವನ್ನು ಒತ್ತುತ್ತಲೇ ಇತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಇತ್ತ ಪ್ರೇಮಲೀಲಾ ಕಾಫಿ ಕುಡಿದು, ಲೋಟವನ್ನು ತಾನೇ ತೊಳೆಯಲು ಹೋಗಿ ಬೈಸಿಕೊಂಡು, ಚಾಪೆಯ ಮೇಲೆ ಕೂತಳು. ಪುಟ್ಟಲಿಂಗಮ್ಮ ದೀಪ ಹಚ್ಚಿದಳು. ಮಾದಪ್ಪನಿಗೂ ಬುದ್ಧನಿಗೂ ಕೈಮುಗಿದು ಶುರುಮಾಡಿದಳು. ಒಂದು ಮಾತು, ಒಂದು ಹೂಂ. ಪ್ರೇಮಲೀಲಳ ಹೂಂ ಒಂದರ ಹಾಗೆ ಒಂದಿರಲಿಲ್ಲ. ಸೊಸೆ ಹೆದರಿದರೆ ಸಣ್ಣ ಹೂಂ, ಮೋಸ ಹೋದರೆ ಮೂಗಿನ ಹೂಂ, ಕೆಂಡ ಕೊಡದವರನ್ನು ಕಂಡರೆ ಹಲ್ಲು ಕಡಿದ ಹೂಂ. ಮುದುಕಿಯ ದನಿ ಇಪ್ಪತ್ತು ವರ್ಷ ಹಿಂದಕ್ಕೆ ಹೋಯಿತು. ಕೊನೆಗೂ ಸೊಸೆಗೆ ಸುಡುಗಾಡಿನ ಕಾವಲುಗಾರನ ಹತ್ತಿರ ಒಂದು ಕೆಂಡ ಸಿಕ್ಕಿತು. ಅಂಗೈ ಸುಟ್ಟುಕೊಂಡು, ಅಷ್ಟು ಊರುಗಳನ್ನೂ ತಿರುಗಿ ದಾಟಿ, ತಲೆಗೂದಲು ಬೆಳ್ಳಗಾದ ಮೇಲೆ ಅವಳು ಮನೆ ಸೇರಿದಳು. ಅತ್ತೆ ಬಾಗಿಲಲ್ಲಿಯೇ ಕೂತಿದ್ದಳು. ಸೊಸೆಯನ್ನು ನೋಡಿ, "ಇಷ್ಟೊತ್ತು ಎಲ್ಲಿ ಹರಟೆ ಹೊಡೀತಿದ್ದೆ?" ಅಂದಳು.

ಕಥೆ ಮುಗಿಯಿತು. ಪ್ರೇಮಲೀಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಹುಬ್ಬು ಗಂಟಿಕ್ಕಿ ಕೇಳಿದಳು:

"ಅಲ್ಲ ಅವ್ವಾರೇ, ಸೊಸೆ ಬರೋಗಂಟ ಅತ್ತೆ ಏನು ಉಂಡ್ಲು?"

ಪುಟ್ಟಲಿಂಗಮ್ಮನ ಅಪ್ಪನನ್ನೂ ಯಾರೂ ಇದನ್ನು ಕೇಳಿರಲಿಲ್ಲ, ಅವಳನ್ನೂ ಕೇಳಿರಲಿಲ್ಲ. ಗೋಡೆಗೊರಗಿ ಕೂತಿದ್ದ ಶಿವರಾಮು ಮೊಬೈಲಿನಲ್ಲಿ ಪೇಟ ತೊಟ್ಟ ಲ್ಯಾಪ್‌ಟಾಪಿನ ಫೋಟೋ ನೋಡುತ್ತಿದ್ದ. ತಲೆ ಎತ್ತದೆ ಉತ್ತರ ಕೊಟ್ಟ: "ಪಕ್ಕದ ಮನೆಯೋರು ಏನಾದ್ರೂ ಬೇಯಿಸಿ ಕೊಟ್ಟಿರ್ತಾರೆ ಬುಡವ್ವ."

ಇಬ್ಬರು ಹೆಂಗಸರೂ ಒಟ್ಟಿಗೇ ಅವನತ್ತ ತಿರುಗಿದರು.

"ಪಕ್ಕದ ಮನೇಲಿ ಒಲೆ ಉರೀತಿದ್ರೆ ಅವಳು ಯಾಕಣ್ಣ ಊರೂರು ಅಲೀಬೇಕಿತ್ತು?" ಎಂದಳು ಪ್ರೇಮಲೀಲಾ.

"ಮೂರು ವರ್ಷ ಬರ್ದವ್ನೆ ಕಣವ್ವ, ನನ್ನ ಮಗ," ಎಂದಳು ಪುಟ್ಟಲಿಂಗಮ್ಮ. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಶಿವರಾಮು ತಡೆದುಕೊಳ್ಳುತ್ತಿದ್ದ.

ಅತ್ತೆ ಹಸಿ ರಾಗಿ ಹಿಟ್ಟು ಕಲಸಿಕೊಂಡು ಕುಡಿದಿರಬೇಕೆಂದು ಒಬ್ಬಳು, ಹಟಕ್ಕೆ ಉಪವಾಸವೇ ಇದ್ದಿರಬೇಕೆಂದು ಇನ್ನೊಬ್ಬಳು ವಾದಕ್ಕೆ ಕೂತರು. ಮಾತು ಬೆಳೆಯಿತು, ಎಲೆಯಡಿಕೆಯ ತಟ್ಟೆ ಬಂತು. ಶಿವರಾಮು ಎದ್ದುಹೋಗಿ ಗೂಡಿನ ಕೆಳಗಿನ ಕಂಪ್ಯೂಟರಿನ ಮುಂದೆ ಕೂತ. ತನ್ನ ವೆಬ್‌ಸೈಟು ತೆರೆದು, ಹಿಂದಕ್ಕೆ ಹಿಂದಕ್ಕೆ ಹೋಗಿ, ಮೂರು ವರ್ಷದ ಕೆಳಗಿನ ಮೊದಲನೆಯ ಕಂತನ್ನು ಓದಲು ಶುರುಮಾಡಿದ.